ಈ ಪುಸ್ತಕ ಯಾರದು?

ನಾನು ಪ್ರಥಮ ಬಿ.ಎ. ತರಗತಿಗೆ ಸೇರಿದ ವರ್ಷ ನಮ್ಮ ಕಾಲೇಜಿನ ಪುಸ್ತಕ ಭಂಡಾರದಿಂದ ಯೂರೋಪಿನ ಇತಿಹಾಸವನ್ನು ಕುರಿತ ಇಂಗ್ಲಿಷ್ ಪುಸ್ತಕವೊಂದನ್ನು ಎರವಲು ತಂದೆ. ಹಳ್ಳಿಯ ಶಾಲೆಯಲ್ಲಿ ಎಲ್ಲ ವಿಷಯಗಳನ್ನೂ ಕನ್ನಡದಲ್ಲಿಯೇ ಓದಿ ಬಂದ ನನಗೆ ಅದರ ಮೊದಲನೆಯ ಪುಟವೇ ಏರಲಾರದ ಬೆಟ್ಟವಾಗಿ ತೋರಿತು. ಆದರೆ ಪುಟ ತಿರುವಿದಂತೆ ಒಂದು ಆಶ್ಚರ್ಯ ಕಾದಿತ್ತು. ನನಗಿಂತ ಎಷ್ಟೋ ವರ್ಷ ಮುಂಚೆ ಅದೇ ಪುಸ್ತಕವನ್ನು ಓದಿದ್ದ ಯಾರೋ ಒಬ್ಬರು, ಕಠಿಣವಾದ ಒಂದೊಂದು ಶಬ್ದದ ನೆತ್ತಿಯ ಮೇಲೂ ಸೀಸದಕಡ್ಡಿಯಿಂದ ಕನ್ನಡ ಅರ್ಥವನ್ನು ಬರೆದಿದ್ದರು. ಬರೆದವರ ಹೆಸರಿಲ್ಲ, ಊರಿಲ್ಲ. ಆ ಸಣ್ಣ ಅಕ್ಷರಗಳ ಕೈಹಿಡಿದೇ ನಾನು ಆ ವರ್ಷದ ಪರೀಕ್ಷೆಯನ್ನು ದಾಟಿದೆ. ಪುಸ್ತಕದ ಮೇಲೆ ಬರೆಯಕೂಡದೆಂಬ ನಿಯಮ ನಮ್ಮ ಭಂಡಾರದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಇರುವುದನ್ನು ನಾನು ಬಲ್ಲೆ. ಆ ನಿಯಮವನ್ನು ಮುರಿದವರೇ ನನ್ನ ಪಾಲಿಗೆ ಗುರುಗಳಾದರು ಎಂಬುದೂ ಅಷ್ಟೇ ನಿಜ.

ಕೈಯಿಂದ ಕೈಗೆ ದಾಟಿ ಬಂದ ಪುಸ್ತಕ ಯಾರದು? ಬರೆದವನದೇ? ಹಣ ಕೊಟ್ಟು ಕೊಂಡವನದೇ? ಕಪಾಟಿನಲ್ಲಿ ಬೀಗ ಹಾಕಿ ಕಾಪಾಡಿದವನದೇ? ಅಥವಾ ಓದಿದವನದೇ? ಅಂದು ಮನಸ್ಸಿನಲ್ಲಿ ಮೂಡಿದ ಈ ಪ್ರಶ್ನೆ ಈ ವರ್ಷ ಮತ್ತೆ ತಲೆಯೆತ್ತಿತು. ಇತಿಹಾಸದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಮಧ್ಯಯುಗದ ಯೂರೋಪಿನ ಚಿತ್ರಾಲಂಕೃತ ಹಸ್ತಪ್ರತಿಗಳನ್ನು ಕುರಿತು ಮಾತನಾಡುತ್ತ, ಲಿಂಡಿಸ್‌ಫಾರ್ನ್ ಸುವಾರ್ತೆ ಎಂಬ ಗ್ರಂಥದ ವರ್ಣಚಿತ್ರವೊಂದನ್ನು ತೋರಿಸಿದರು. ಅಂದಿನಿಂದ ಆ ಗ್ರಂಥದ ಬೆನ್ನು ಹತ್ತಿ ನಾನು ತಿಳಿದುಕೊಂಡುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ಸುಮಾರು 1300 ವರ್ಷ ವಯಸ್ಸಿನ ಆ ಗ್ರಂಥ, ಅದರ ಅಲಂಕಾರದ ಬಗೆ, ಅದು ಕಂಡ ಒಡೆಯರು, ಇವುಗಳನ್ನು ನೋಡಿದರೆ ನನ್ನ ಪ್ರಶ್ನೆಗೆ ಒಂದು ಉತ್ತರ ಸಿಕ್ಕೀತೆಂದು ನನ್ನ ನಂಬಿಕೆ.

ಮೊದಲು ಚಿತ್ರಾಲಂಕೃತ ಹಸ್ತಪ್ರತಿ ಎಂದರೇನೆಂಬುದನ್ನು ಹೇಳಬೇಕು. ಅಚ್ಚಿನ ಯಂತ್ರ ಯೂರೋಪಿಗೆ ಬಂದುದು ಹದಿನೈದನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಅಲ್ಲಿಯ ಒಂದೊಂದು ಪುಸ್ತಕವೂ ಕೈಬರಹದ್ದೇ. ಇವುಗಳಲ್ಲಿ ಬಹುಪಾಲು ಬರಿಯ ಅಕ್ಷರಗಳುಳ್ಳ ಸಾಧಾರಣ ಪ್ರತಿಗಳು. ಕೆಲವಕ್ಕೆ ಮಾತ್ರ ಬಣ್ಣಗಳಿಂದಲೂ ಚಿನ್ನ ಬೆಳ್ಳಿಗಳಿಂದಲೂ ಅಂದ ಕಟ್ಟುತ್ತಿದ್ದರು. ಚಿನ್ನದ ರೇಕು ದೀಪದ ಬೆಳಕಿಗೆ ಹೊಳೆದು ಪುಟವೇ ಬೆಳಗಿದಂತೆ ತೋರುತ್ತಿದ್ದುದರಿಂದ ಇಂಥ ಪ್ರತಿಗಳಿಗೆ ಪಾಶ್ಚಾತ್ಯ ಭಾಷೆಗಳಲ್ಲಿ ‘ಬೆಳಗಿಸಿದ’ ಪ್ರತಿಗಳೆಂಬ ಅರ್ಥದ ಹೆಸರೇ ನಿಂತಿತು. ಚಿತ್ರವುಳ್ಳ ಗ್ರಂಥ ನಮಗೆ ತೀರ ಹೊಸತೇನೂ ಅಲ್ಲ. ಹೊಯ್ಸಳರ ಕಾಲದ ಚಿತ್ರಸಹಿತವಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಮೂಡುಬಿದಿರೆಯಲ್ಲಿ ಉಳಿದು ಬಂದಿವೆ. ನಮ್ಮವರಿಗೆ ತಾಳೆಯ ಗರಿ ಹೇಗೋ ಅವರಿಗೆ ಚರ್ಮ ಹಾಗೆ.

ಈ ಗ್ರಂಥ ಹುಟ್ಟಿದ ಸ್ಥಳ ಇಂಗ್ಲೆಂಡಿನ ಈಶಾನ್ಯ ತೀರದಲ್ಲಿರುವ ಲಿಂಡಿಸ್‌ಫಾರ್ನ್ ಎಂಬ ಚಿಕ್ಕ ದ್ವೀಪ. ಸಮುದ್ರ ಉಬ್ಬಿದಾಗ ಅದು ದ್ವೀಪ. ಇಳಿದಾಗ ನಡೆದು ಹೋಗಬಹುದಾದ ನೆಲ. ಕ್ರಿ.ಶ. 635ರಲ್ಲಿ ಸ್ಕಾಟ್ಲೆಂಡಿನ ಅಯೋನಾ ದ್ವೀಪದಿಂದ ಬಂದ ಏಡನ್ ಎಂಬ ಸಂನ್ಯಾಸಿ ಇಲ್ಲಿ ಮಠವೊಂದನ್ನು ಸ್ಥಾಪಿಸಿದ. ಮುಂದೆ ಈ ಮಠದಲ್ಲಿ ಬಿಷಪ್ ಆಗಿದ್ದ ಕತ್‌ಬರ್ಟ್ ಎಂಬ ಸಂತ 687ರಲ್ಲಿ ತೀರಿಕೊಂಡ. ಹನ್ನೊಂದು ವರ್ಷಗಳ ತರುವಾಯ, 698ರಲ್ಲಿ, ಸಮಾಧಿಯನ್ನು ತೆರೆದು ಅವನ ದೇಹವನ್ನು ಹೊಸ ಪೆಟ್ಟಿಗೆಯಲ್ಲಿಟ್ಟು ಗೌರವಿಸಿದರು. ಅದೇ ವರ್ಷ ಬಿಷಪ್ ಪದವಿಗೆ ಬಂದವನು ಈಡ್‌ಫ್ರಿತ್. 721ರಲ್ಲಿ ತೀರಿಕೊಂಡ ಈ ಈಡ್‌ಫ್ರಿತನೇ ಗ್ರಂಥವನ್ನು ಬರೆದು ಚಿತ್ರಿಸಿದವನೆಂಬುದು ಸಂಪ್ರದಾಯ. ಕೆಲವು ವಿದ್ವಾಂಸರು ಈ ಮಾತನ್ನು ಪ್ರಶ್ನಿಸುತ್ತಾರೆ. ಆದರೂ ಗ್ರಂಥ ಎಂಟನೆಯ ಶತಮಾನದ ಆರಂಭದ ಸುಮಾರಿನದೆಂಬುದರಲ್ಲಿಯೂ, ಮುಖ್ಯ ಬರಹ ಮತ್ತು ಚಿತ್ರಗಳು ಒಬ್ಬನೇ ವ್ಯಕ್ತಿಯ ಕೈಕೆಲಸವೆಂಬುದರಲ್ಲಿಯೂ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಗ್ರಂಥದ ವಸ್ತು ಕ್ರೈಸ್ತರ ನಾಲ್ಕು ಸುವಾರ್ತೆಗಳು: ಮತ್ತಾಯ, ಮಾರ್ಕ, ಲೂಕ, ಯೋಹಾನ. ಭಾಷೆ ಲ್ಯಾಟಿನ್. ಸುಮಾರು 36 ಸೆಂಟಿಮೀಟರ್ ಎತ್ತರ, 27 ಸೆಂಟಿಮೀಟರ್ ಅಗಲದ ಹಾಳೆಗಳು. ಹಾಳೆಗಳ ಸಂಖ್ಯೆ 259ರ ಸುಮಾರು. ಹಾಳೆಯೆಂದರೆ ಕಾಗದವಲ್ಲ, ಕರುವಿನ ಚರ್ಮ. ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ರೋಮವನ್ನು ಹೆರೆದು, ಮರದ ಚೌಕಟ್ಟಿಗೆ ಬಿಗಿದು ಕಟ್ಟಿ, ಅರ್ಧಚಂದ್ರಾಕಾರದ ಕತ್ತಿಯಿಂದ ಮತ್ತೆ ಮತ್ತೆ ಹೆರೆಯುತ್ತಿದ್ದರು. ಒಣಗಿದ ಮೇಲೆ ಅದು ನುಣ್ಣಗೆ, ಬೆಳ್ಳಗೆ, ಬರೆಯಲು ಯೋಗ್ಯವಾಗುತ್ತಿತ್ತು. ಈ ಒಂದು ಗ್ರಂಥಕ್ಕೆ ಸುಮಾರು 150 ಕರುಗಳ ಚರ್ಮ ಬೇಕಾಗಿದ್ದಿರಬೇಕೆಂದು ಅಂದಾಜು. ದನ ಕಟ್ಟಿದ ಮನೆಯಿಂದ ಬಂದವರಿಗೆ ಈ ಸಂಖ್ಯೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಪುಸ್ತಕವೆಂದರೆ ಒಂದು ದೊಡ್ಡ ಹಟ್ಟಿ!

ಈಡ್‌ಫ್ರಿತನ ಮುಂದೆ ಇದ್ದ ಮೂಲಪ್ರತಿಯೂ ಎಲ್ಲಿಯದೋ ಎರವಲಿನದೇ ಇರಬೇಕು. ಗ್ರಂಥದಲ್ಲಿ ಯಾವ ಹಬ್ಬದಂದು ಯಾವ ಭಾಗವನ್ನು ಓದಬೇಕೆಂದು ತಿಳಿಸುವ ಪಟ್ಟಿಗಳಿವೆ. ಅವುಗಳಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಆಚರಿಸುತ್ತಿದ್ದ ಹಬ್ಬಗಳು ಬರುತ್ತವೆ. ಆದುದರಿಂದ ದಕ್ಷಿಣ ಇಟಲಿಯ ಪ್ರತಿಯೊಂದು, ನೇರವಾಗಿಯೋ ಬೇರೊಂದು ಪ್ರತಿಯ ಮೂಲಕವೋ, ಈ ಉತ್ತರದ ದ್ವೀಪಕ್ಕೆ ತಲುಪಿತ್ತೆಂದು ವಿದ್ವಾಂಸರು ನಿರ್ಧರಿಸಿದ್ದಾರೆ. ದೂರದೇಶದ ಹಬ್ಬದ ಹೆಸರುಗಳನ್ನು ಕೂಡ ಬಿಡದೆ ನಕಲು ಮಾಡಿದ ಲಿಪಿಕಾರನ ಶ್ರದ್ಧೆಯೇ ಇಂದು ಇತಿಹಾಸಕಾರರಿಗೆ ಸಾಕ್ಷಿಯಾಗಿ ಒದಗಿದೆ.

ಇನ್ನು ಅಲಂಕಾರ. ಒಂದೊಂದು ಸುವಾರ್ತೆಯ ಮುಂದೆಯೂ ಮೂರು ಬಗೆಯ ಪುಟಗಳು ಕ್ರಮವಾಗಿ ಬರುತ್ತವೆ. ಮೊದಲನೆಯದು ಆ ಸುವಾರ್ತೆಯನ್ನು ಬರೆದವನ ಚಿತ್ರ. ಅವನ ಜೊತೆಗೆ ಅವನ ಲಾಂಛನವೂ ಇರುತ್ತದೆ: ಮತ್ತಾಯನಿಗೆ ಮನುಷ್ಯ, ಮಾರ್ಕನಿಗೆ ಸಿಂಹ, ಲೂಕನಿಗೆ ಕರು, ಯೋಹಾನನಿಗೆ ಗರುಡಪಕ್ಷಿ. ಎರಡನೆಯದು ಅಕ್ಷರವೊಂದೂ ಇಲ್ಲದ, ಪುಟದ ತುಂಬ ಬಣ್ಣದ ಹೆಣಿಗೆಯುಳ್ಳ ‘ಜಮಖಾನೆಯ ಪುಟ’. ಹಾಸುಗಂಬಳಿಯ ನೆಯ್ಗೆಯನ್ನು ನೆನಪಿಗೆ ತರುವುದರಿಂದ ಈ ಹೆಸರು. ಹೆಣಿಗೆಯ ನಡುವೆ ಶಿಲುಬೆಯೊಂದು ಅಡಗಿರುತ್ತದೆ. ಗ್ರಂಥದ ಆರಂಭಕ್ಕೆ ಇನ್ನೊಂದು ಸೇರಿ ಇಂಥ ಪುಟಗಳು ಒಟ್ಟು ಐದು. ಮೂರನೆಯದು ಸುವಾರ್ತೆಯ ಮೊದಲ ಪುಟ. ಇದರಲ್ಲಿ ಮೊದಲನೆಯ ಅಕ್ಷರ ಎಷ್ಟು ದೊಡ್ಡದಾಗಿ ಬೆಳೆಯುತ್ತದೆಂದರೆ ಉಳಿದ ಮಾತುಗಳೆಲ್ಲ ಅದರ ನೆರಳಿನಲ್ಲಿ ಕುಳಿತಂತೆ ತೋರುತ್ತವೆ.

ಹತ್ತಿರ ಹೋಗಿ ನೋಡಿದರೆ ಈ ಹೆಣಿಗೆಯೆಲ್ಲ ಜೀವಜಂತುಗಳೇ. ಉದ್ದ ಕೊಕ್ಕಿನ ಹಕ್ಕಿಯ ಕೊರಳು ಮತ್ತೊಂದು ಹಕ್ಕಿಯ ಕಾಲಿಗೆ ಸುತ್ತಿಕೊಂಡು, ನಾಯಿಯಂಥ ಪ್ರಾಣಿಯೊಂದು ತನ್ನ ಬಾಲವನ್ನೇ ತಾನು ಕಚ್ಚಿಕೊಂಡು, ಎಲ್ಲಿಯೂ ಎಳೆ ತಪ್ಪದಂತೆ ಸಾಗುತ್ತವೆ. ನಮ್ಮ ಹೆಂಗಸರು ಅಂಗಳದಲ್ಲಿ ಚುಕ್ಕಿ ಇಟ್ಟು ಎಳೆ ಎಳೆಯುವ ರಂಗೋಲಿಯನ್ನು ನೋಡಿ ಬಲ್ಲವರಿಗೆ ಇದರ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ. ಇದು ಕೈಗೆ ಬಂದಂತೆ ಬರೆದ ಚಿತ್ರವಲ್ಲ. ಹಾಳೆಗಳ ಹಿಂಬದಿಯಲ್ಲಿ ಕೈವಾರದ ಮೊನೆ ಚುಚ್ಚಿದ ತೂತುಗಳೂ, ಅಳತೆಯ ಚೌಕುಳಿ ಗೆರೆಗಳೂ ಇಂದಿಗೂ ಕಾಣುತ್ತವೆ. ಆ ಗೆರೆಗಳನ್ನು ಎಳೆಯಲು ಅವನು ಸೀಸದ ಮೊನೆಯನ್ನು ಬಳಸಿದನೆಂದು ತಜ್ಞರು ಗುರುತಿಸಿದ್ದಾರೆ. ಎಂದರೆ ನಮ್ಮ ಸೀಸದಕಡ್ಡಿಯ ಪೂರ್ವಜ! ಲೂಕನ ಸುವಾರ್ತೆಯ ಮೊದಲ ಪುಟವೊಂದರಲ್ಲಿಯೇ ಅಕ್ಷರಗಳ ಸುತ್ತ ಇಟ್ಟ ಕೆಂಪು ಚುಕ್ಕಿಗಳು ಹತ್ತು ಸಾವಿರಕ್ಕೂ ಮಿಕ್ಕಿವೆ. ಮಠದ ಆಡಳಿತವನ್ನೂ ಪೂಜಾವಿಧಿಗಳನ್ನೂ ನೋಡಿಕೊಳ್ಳುತ್ತ ಒಬ್ಬನೇ ಕುಳಿತು ಈ ಕೆಲಸ ಮುಗಿಸಲು ಐದರಿಂದ ಹತ್ತು ವರ್ಷಗಳಾದರೂ ಹಿಡಿದಿರಬೇಕೆಂಬ ಅಭಿಪ್ರಾಯವುಂಟು.

ಬಣ್ಣಗಳ ವಿಚಾರದಲ್ಲಿ ಒಂದು ಸ್ವಾರಸ್ಯವಾದ ತಿದ್ದುಪಡಿ ನಡೆದಿದೆ. ಈ ಗ್ರಂಥದ ನೀಲಿಯನ್ನು ಆಫ್ಘಾನಿಸ್ತಾನದ ಬೆಟ್ಟಗಳಿಂದ ಬಂದ ಲಾಜವರ್ದ ಕಲ್ಲನ್ನು ಅರೆದು ಮಾಡಿದುದೆಂದು ಬಹುಕಾಲ ನಂಬಿದ್ದರು. ಆದರೆ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ, ಹಾಳೆಯನ್ನು ಮುಟ್ಟದೆಯೇ ಬೆಳಕಿನ ಕಿರಣ ಬಿಟ್ಟು ಬಣ್ಣವನ್ನು ಪರೀಕ್ಷಿಸುವ ವಿಧಾನದಿಂದ ನೋಡಿದಾಗ, ಅದು ಕಲ್ಲಿನ ನೀಲಿಯಲ್ಲ, ಗಿಡದ ಎಲೆಯಿಂದ ಬರುವ ನೀಲಿಯೆಂದು ಗೊತ್ತಾಯಿತು. ಈ ವಿಧಾನಕ್ಕೆ ಆಧಾರವಾದುದು ನಮ್ಮ ದೇಶದ ಸರ್ ಸಿ. ವಿ. ರಾಮನ್ನರು 1928ರಲ್ಲಿ ಕಂಡುಹಿಡಿದ ರಾಮನ್ ಪರಿಣಾಮವೆಂಬುದನ್ನು ನೆನೆದಾಗ ಸಂತೋಷವಾಗುತ್ತದೆ. 1933ರಿಂದ ಬೆಂಗಳೂರನ್ನೇ ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡಿದ್ದ ವಿಜ್ಞಾನಿಯ ಶೋಧನೆ ಹೀಗೆ ಇಂಗ್ಲೆಂಡಿನ ಹಳೆಯ ಮಠದ ಗುಟ್ಟೊಂದನ್ನು ಬಿಡಿಸಿತು. ಉಳಿದಂತೆ ಕೆಂಪಿಗೆ ಸೀಸದಿಂದ ಮಾಡಿದ ಸಿಂಧೂರ, ಹಳದಿಗೆ ಹರಿತಾಳ, ಹಸಿರಿಗೆ ತಾಮ್ರದ ಕಿಲುಬು. ಇವುಗಳನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿ ಬಳಿಯುತ್ತಿದ್ದರು. ಚಿನ್ನವಂತೂ ಕೆಲವೇ ಕೆಲವು ಸಣ್ಣ ಜಾಗಗಳಲ್ಲಿ ಇದೆ. ಎಂದರೆ ಈ ಗ್ರಂಥದ ಸಂಪತ್ತೆಲ್ಲ ಚಿನ್ನದ್ದಲ್ಲ, ಕೈಯ ದುಡಿಮೆಯದು.

ಇಷ್ಟು ದುಡಿದು ಮಾಡಿದ ಗ್ರಂಥದ ಮೇಲೆ ಈಡ್‌ಫ್ರಿತ್ ತನ್ನ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ಗ್ರಂಥವನ್ನು ದೇವರಿಗೂ ಸಂತ ಕತ್‌ಬರ್ಟನಿಗೂ ಅರ್ಪಿಸಿದ್ದರು. ನಮ್ಮ ಊರುಗಳಲ್ಲಿ ದೇವರ ಹೆಸರಿಗೆ ಹೊಲ ಬಿಡುವುದುಂಟು. ಪಹಣಿಯಲ್ಲಿ ದೇವರೇ ಒಡೆಯ, ಉಳುವವರು ಬೇರೆ. ಹಾಗೆಯೇ ಈ ಗ್ರಂಥದ ಮೊದಲನೆಯ ಒಡೆಯ ಆಗಲೇ ತೀರಿಹೋಗಿದ್ದ ಒಬ್ಬ ಸಂತ. ಮಠದವರು ಅವನ ಪರವಾಗಿ ಕಾಯುವವರು ಮಾತ್ರ. ಒಡೆತನವನ್ನು ಕುರಿತ ಈ ಭಾವನೆಯೇ ಗ್ರಂಥವನ್ನು ಮುಂದಿನ ಆಪತ್ತುಗಳಲ್ಲಿ ಉಳಿಸಿತೆಂದು ನನಗೆ ತೋರುತ್ತದೆ.

793ರಲ್ಲಿ ಸಮುದ್ರದ ಕಡೆಯಿಂದ ವೈಕಿಂಗರು ಬಂದು ಲಿಂಡಿಸ್‌ಫಾರ್ನ್ ಮಠವನ್ನು ಕೊಳ್ಳೆ ಹೊಡೆದರು. ಆ ದಾಳಿಯ ಸುದ್ದಿ ಇಡೀ ಕ್ರೈಸ್ತ ಯೂರೋಪನ್ನೇ ನಡುಗಿಸಿತು. ಗ್ರಂಥ ಹೇಗೋ ಉಳಿಯಿತು. ಕೊನೆಗೆ 875ರಲ್ಲಿ ಸಂನ್ಯಾಸಿಗಳು ದ್ವೀಪವನ್ನೇ ಬಿಟ್ಟು ಹೊರಟರು. ಕತ್‌ಬರ್ಟನ ಶವಪೆಟ್ಟಿಗೆಯನ್ನು ಹೊತ್ತು ಅವರು ಏಳು ವರ್ಷ ಊರೂರು ಅಲೆದರೆಂದು ಹೇಳುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಡರಮ್ ನಗರದ ಸಿಮಿಯನ್ ಎಂಬ ಸಂನ್ಯಾಸಿ ಈ ಅಲೆದಾಟದ ಒಂದು ಕಥೆಯನ್ನು ಬರೆದಿಟ್ಟಿದ್ದಾನೆ. ಐರ್ಲೆಂಡಿಗೆ ಹೋಗಲೆಂದು ಹಡಗು ಹತ್ತಿದಾಗ ಬಿರುಗಾಳಿಯೆದ್ದು ಗ್ರಂಥ ಸಮುದ್ರಕ್ಕೆ ಬಿದ್ದಿತಂತೆ. ಸಂತನಿಗೆ ನಾಡು ಬಿಡಲು ಇಷ್ಟವಿಲ್ಲವೆಂದು ತಿಳಿದು ಅವರು ಹಿಂದಿರುಗಿದರಂತೆ. ಆಮೇಲೆ ನೀರು ಇಳಿದಾಗ ಗ್ರಂಥ ಮರಳಿನ ಮೇಲೆ ಕೆಡದೆ ಸಿಕ್ಕಿತಂತೆ. ಪವಾಡವನ್ನು ನಂಬುವುದೂ ಬಿಡುವುದೂ ವಾಚಕರಿಗೆ ಬಿಟ್ಟದ್ದು. ಬೆನ್ನ ಮೇಲೆ ಹೊತ್ತು ನಡೆದವರ ಬವಣೆಯಂತೂ ನಿಜವಾದುದೇ. 883ರಲ್ಲಿ ಅವರು ಚೆಸ್ಟರ್-ಲಿ-ಸ್ಟ್ರೀಟ್ ಎಂಬ ಊರಿನಲ್ಲಿ ನೆಲೆಸಿದರು.

ಗ್ರಂಥದ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದ ವ್ಯಕ್ತಿ ಕಾಣಿಸಿಕೊಳ್ಳುವುದು ಈ ಊರಿನಲ್ಲಿಯೇ. ಆತನ ಹೆಸರು ಆಲ್ಡ್ರೆಡ್. ಒಬ್ಬ ಸಾಮಾನ್ಯ ಪಾದ್ರಿ. ಹತ್ತನೆಯ ಶತಮಾನದ ನಡುಭಾಗದಲ್ಲಿ, ಗ್ರಂಥ ಹುಟ್ಟಿ ಎರಡೂವರೆ ಶತಮಾನ ಕಳೆದ ಮೇಲೆ, ಆತ ಲೇಖನಿ ಹಿಡಿದು ಕುಳಿತು ಲ್ಯಾಟಿನ್ ಪಂಕ್ತಿಗಳ ನಡುವೆ, ಒಂದೊಂದು ಶಬ್ದದ ನೆತ್ತಿಯ ಮೇಲೂ, ಅದರ ಇಂಗ್ಲಿಷ್ ಅರ್ಥವನ್ನು ಸಣ್ಣ ಅಕ್ಷರಗಳಲ್ಲಿ ಬರೆದ. ಸಂಸ್ಕೃತ ಕಾವ್ಯಗಳಿಗೆ ನಮ್ಮ ಹಳಬರು ಬರೆಯುತ್ತಿದ್ದ ಕನ್ನಡ ಟೀಕಿನ ಹಾಗೆ ಇದೊಂದು ಟೀಕು. ಆ ಕಾಲದ ಇಂಗ್ಲಿಷ್ ಇಂದಿನ ಇಂಗ್ಲಿಷಿಗಿಂತ ತೀರ ಬೇರೆಯಾದ ನಾರ್ತಂಬ್ರಿಯ ಸೀಮೆಯ ಆಡುಮಾತು. ಇಂಗ್ಲಿಷಿನಲ್ಲಿ ಸುವಾರ್ತೆಗಳ ಉಳಿದು ಬಂದಿರುವ ಅತ್ಯಂತ ಹಳೆಯ ಅನುವಾದ ಇದೇ.

ಇದೆಲ್ಲ ಮುಗಿದ ಮೇಲೆ ಆಲ್ಡ್ರೆಡ್ ಗ್ರಂಥದ ಕೊನೆಯಲ್ಲಿ ಒಂದು ಟಿಪ್ಪಣಿ ಬರೆದ. ಗ್ರಂಥವನ್ನು ಬರೆದವನು ಬಿಷಪ್ ಈಡ್‌ಫ್ರಿತ್. ಹೊರಗಿನ ರಟ್ಟು ಕಟ್ಟಿದವನು ಅವನ ತರುವಾಯ ಬಿಷಪ್ ಆದ ಎಥೆಲ್‌ವಾಲ್ಡ್. ರಟ್ಟಿನ ಮೇಲೆ ಚಿನ್ನ, ರತ್ನ, ಚಿನ್ನದ ಮುಲಾಮಿನ ಬೆಳ್ಳಿಗಳ ಒಡವೆ ಕೆಲಸ ಮಾಡಿದವನು ಬಿಲ್‌ಫ್ರಿತ್ ಎಂಬ ಏಕಾಂತವಾಸಿ ಸಂನ್ಯಾಸಿ. ನಾಲ್ಕನೆಯವನಾಗಿ, ಅಯೋಗ್ಯನೂ ದೀನನೂ ಆದ ಪಾದ್ರಿಯೆಂದು ತನ್ನನ್ನೇ ಕರೆದುಕೊಂಡು, ಟೀಕು ಬರೆದ ತನ್ನ ಹೆಸರನ್ನೂ ಸೇರಿಸಿದ. ಈ ಟಿಪ್ಪಣಿಯಿಲ್ಲದಿದ್ದರೆ ಈಡ್‌ಫ್ರಿತನ ಹೆಸರು ನಮಗೆ ತಿಳಿಯುತ್ತಲೇ ಇರಲಿಲ್ಲ. ಅದೇ ಪುಟದ ಅಂಚಿನಲ್ಲಿ ಮತ್ತೊಂದು ಸಣ್ಣ ಬರಹವಿದೆ. ತನ್ನ ತಂದೆಯ ಹೆಸರು ಆಲ್ಫ್ರೆಡ್ ಎಂದು ಹೇಳಿ, ತಾನು ಒಬ್ಬ ಒಳ್ಳೆಯ ಹೆಂಗಸಿನ ಮಗನೆಂದೂ ಆತ ಅಲ್ಲಿ ಹೇಳಿಕೊಂಡಿದ್ದಾನೆ. ಬಿಷಪ್ಪರ, ಸಂತರ ಹೆಸರುಗಳ ಪಕ್ಕದಲ್ಲಿ ತನ್ನ ತಾಯಿಗೂ ಒಂದಿಷ್ಟು ಜಾಗ ಮಾಡಿದವನು ಇವನು.

ಆಲ್ಡ್ರೆಡ್ ಮಾಡಿದುದು ಸರಿಯೇ? ಕಲಾರಸಿಕರು ಕೇಳಬಹುದಾದ ಪ್ರಶ್ನೆ ಇದು. ಅಷ್ಟು ಅಳತೆಯಿಂದ, ಅಷ್ಟು ಅಂದವಾಗಿ ಬರೆದ ಪುಟದ ಪಂಕ್ತಿಗಳ ನಡುವೆ ಮತ್ತೊಬ್ಬನ ಅಂಕುಡೊಂಕಾದ ಅಕ್ಷರಗಳು ಬಂದು ಕುಳಿತಿವೆ. ಜಮಖಾನೆಯ ಮೇಲೆ ಮಣ್ಣುಗಾಲಿನಲ್ಲಿ ನಡೆದಂತೆ ಕೆಲವರಿಗೆ ತೋರಿದರೆ ತಪ್ಪಿಲ್ಲ. ಆದರೆ ಲ್ಯಾಟಿನ್ ತಿಳಿಯದವನಿಗೆ ಆ ಗ್ರಂಥ ಅಂದಿನವರೆಗೆ ನೋಡಿ ಕೈಮುಗಿಯುವ ವಸ್ತುವಾಗಿತ್ತು. ಆಲ್ಡ್ರೆಡ್ ಬರೆದ ಮೇಲೆ ಅದು ಓದಿ ತಿಳಿಯುವ ಪುಸ್ತಕವಾಯಿತು. ಈಡ್‌ಫ್ರಿತ್ ಪುಟಗಳನ್ನು ಬಣ್ಣದಿಂದ ಬೆಳಗಿಸಿದ. ಆಲ್ಡ್ರೆಡ್ ಅರ್ಥದಿಂದ ಬೆಳಗಿಸಿದ. ಈ ಎರಡರಲ್ಲಿ ಯಾವುದು ಹೆಚ್ಚೆಂದು ನಾನು ತೀರ್ಪು ಕೊಡಲಾರೆ. ಆದರೆ ಎರಡನೆಯದಿಲ್ಲದೆ ನನ್ನಂಥವರಿಗೆ ಮೊದಲನೆಯದರ ಬಾಗಿಲು ತೆರೆಯುತ್ತಿರಲಿಲ್ಲ.

995ರಲ್ಲಿ ಕತ್‌ಬರ್ಟನ ಸಮುದಾಯದವರು ಡರಮ್ ನಗರಕ್ಕೆ ಬಂದರು. ಅಲ್ಲಿ ದೊಡ್ಡ ದೇವಾಲಯವೂ ಮಠವೂ ಬೆಳೆದವು. ಹದಿನಾರನೆಯ ಶತಮಾನದಲ್ಲಿ ದೊರೆ ಎಂಟನೆಯ ಹೆನ್ರಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡ. 1539ರ ಕೊನೆಯಲ್ಲಿ ಡರಮ್ ಮಠದ ಸರದಿಯೂ ಬಂದಿತು. ಬಿಲ್‌ಫ್ರಿತನ ಚಿನ್ನ, ರತ್ನಗಳ ಹೊದಿಕೆ ಇಂದು ಇಲ್ಲ. ಅದು ಎಂದು, ಯಾರ ಕೈ ಸೇರಿತೆಂಬುದಕ್ಕೆ ದಾಖಲೆಯೂ ಇಲ್ಲ. ಒಂದು ಮಾತನ್ನು ಗಮನಿಸಬೇಕು: ನಾಲ್ವರು ಮಾಡಿದ ಕೆಲಸಗಳಲ್ಲಿ ಕಳ್ಳನಿಗೂ ದೊರೆಗೂ ಬೇಕಾದುದು ಚಿನ್ನದ ಹೊದಿಕೆ, ಅದು ಹೋಯಿತು. ಬೇಡವಾದುದು ಅಕ್ಷರ, ಅದು ಉಳಿಯಿತು.

ಹದಿನೇಳನೆಯ ಶತಮಾನದ ಆರಂಭದಲ್ಲಿ ಗ್ರಂಥ ಲಂಡನ್ನಿನ ಗೋಪುರದ ಕಡತಗಳ ಅಧಿಕಾರಿಯಾಗಿದ್ದ ರಾಬರ್ಟ್ ಬೌಯರ್ ಎಂಬುವನ ಬಳಿ ಇತ್ತು. ಅವನಿಂದ ಅದು ಸರ್ ರಾಬರ್ಟ್ ಕಾಟನ್ ಎಂಬ ಪ್ರಸಿದ್ಧ ಗ್ರಂಥಸಂಗ್ರಾಹಕನ ಕೈಸೇರಿತು. ಮುಚ್ಚಿದ ಮಠಗಳಿಂದ ಚೆದುರಿಹೋಗಿದ್ದ ಹಸ್ತಪ್ರತಿಗಳನ್ನು ಹುಡುಕಿ ಕೂಡಿಸಿದ ಪುಣ್ಯ ಈತನದು. ಕಾಟನ್ನನ ಭಂಡಾರದಲ್ಲಿ ಕಪಾಟುಗಳ ಮೇಲೆ ರೋಮಿನ ಚಕ್ರವರ್ತಿಗಳ ತಲೆಯ ಪ್ರತಿಮೆಗಳಿದ್ದವು. ಕಪಾಟಿಗೆ ಚಕ್ರವರ್ತಿಯ ಹೆಸರು, ಹಲಗೆಗೆ ಅಕ್ಷರ, ಪುಸ್ತಕಕ್ಕೆ ಸಂಖ್ಯೆ. ಇದೇ ಅವನ ಗುರುತಿನ ಕ್ರಮ. ಲಿಂಡಿಸ್‌ಫಾರ್ನ್ ಸುವಾರ್ತೆಯ ಗುರುತು ‘ಕಾಟನ್ ನೀರೋ ಡಿ. 4’. ಎಂದರೆ ನೀರೋ ಚಕ್ರವರ್ತಿಯ ಕಪಾಟು, ಮೇಲಿನಿಂದ ನಾಲ್ಕನೆಯ ಹಲಗೆ, ನಾಲ್ಕನೆಯ ಪುಸ್ತಕ. ಕ್ರೈಸ್ತರನ್ನು ಹಿಂಸಿಸಿ ಕುಪ್ರಸಿದ್ಧನಾದ ನೀರೋವಿನ ತಲೆಯ ಕೆಳಗೆ ಕ್ರೈಸ್ತರ ಸುವಾರ್ತೆ! ಇಂದಿಗೂ ಗ್ರಂಥದ ಅಧಿಕೃತ ಗುರುತು ಅದೇ.

ಗ್ರಂಥವೆಂದರೆ ದೊರೆಗಳಿಗೂ ಭಯ. ಕಾಟನ್ನನ ಭಂಡಾರದ ಹಳೆಯ ಕಾಗದಗಳಿಂದ ಪಾರ್ಲಿಮೆಂಟಿನವರು ತಮ್ಮ ಹಕ್ಕುಗಳಿಗೆ ಆಧಾರ ತೆಗೆಯುತ್ತಾರೆಂಬ ಶಂಕೆಯಿಂದ ಒಂದನೆಯ ಚಾರ್ಲ್ಸ್ ದೊರೆಯ ಸರ್ಕಾರ 1629ರಲ್ಲಿ ಅದಕ್ಕೆ ಮೊಹರು ಹಾಕಿಸಿತು. ಭಂಡಾರ ತೆರೆಯುವುದನ್ನು ಕಾಣದೆಯೇ ಕಾಟನ್ 1631ರಲ್ಲಿ ತೀರಿಕೊಂಡ. ಅವನ ಮೊಮ್ಮಗ ಸರ್ ಜಾನ್ ಕಾಟನ್ ಅದನ್ನು ರಾಷ್ಟ್ರಕ್ಕೆ ಬಿಟ್ಟುಕೊಟ್ಟ. 1731ರ ಅಕ್ಟೋಬರಿನಲ್ಲಿ ಭಂಡಾರವನ್ನು ಇಟ್ಟಿದ್ದ ಮನೆಗೆ ಬೆಂಕಿ ಬಿದ್ದಿತು. ಪುಸ್ತಕಗಳನ್ನು ಕಿಟಕಿಗಳಿಂದ ಹೊರಗೆ ಎಸೆದು ಉಳಿಸಿದರು. ಮರುವರ್ಷದ ವರದಿಯಂತೆ 958 ಸಂಪುಟಗಳಲ್ಲಿ 114 ನಷ್ಟವಾದವು, 98ಕ್ಕೆ ಪೆಟ್ಟಾಯಿತು. ಇಂಗ್ಲಿಷಿನ ಪ್ರಾಚೀನ ವೀರಕಾವ್ಯ ‘ಬೇವುಲ್ಫ್’ನ ಏಕೈಕ ಪ್ರತಿಯ ಅಂಚು ಸುಟ್ಟಿತು. ಲಿಂಡಿಸ್‌ಫಾರ್ನ್ ಗ್ರಂಥಕ್ಕೆ ಏನೂ ಆಗಲಿಲ್ಲ. 1753ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸ್ಥಾಪನೆಯಾದಾಗ ಕಾಟನ್ ಸಂಗ್ರಹ ಅದರ ಮೂಲಧನಗಳಲ್ಲಿ ಒಂದಾಯಿತು. 1853ರ ಸುಮಾರಿಗೆ ಡರಮ್ ನಗರದ ಬಿಷಪ್ ಎಡ್ವರ್ಡ್ ಮಾಲ್ಟ್‌ಬಿ ತನ್ನ ಖರ್ಚಿನಲ್ಲಿ ಗ್ರಂಥಕ್ಕೆ ಹೊಸ ಬೆಳ್ಳಿಯ ಹೊದಿಕೆ ಮಾಡಿಸಿದ. 1973ರಿಂದ ಅದು ಬ್ರಿಟಿಷ್ ಲೈಬ್ರರಿಯ ವಶದಲ್ಲಿದೆ.

ಇಲ್ಲಿಗೆ ಒಡೆತನದ ಪ್ರಶ್ನೆ ಮುಗಿಯಲಿಲ್ಲ. ಗ್ರಂಥ ಹುಟ್ಟಿದ ಈಶಾನ್ಯ ಇಂಗ್ಲೆಂಡಿನ ಜನ ಅದನ್ನು ತಮ್ಮ ಸೀಮೆಗೆ ಮರಳಿಸಬೇಕೆಂದು ಕೇಳುತ್ತ ಬಂದಿದ್ದಾರೆ. ನಮ್ಮ ಸಂತನ ಪುಸ್ತಕ ಲಂಡನ್ನಿನಲ್ಲೇಕೆ ಎಂಬುದು ಅವರ ವಾದ. ಇಡೀ ರಾಷ್ಟ್ರದ ಆಸ್ತಿಯನ್ನು ತಕ್ಕ ರಕ್ಷಣೆಯಲ್ಲಿ ಇಟ್ಟಿರಬೇಕೆಂಬುದು ಇನ್ನೊಂದು ಕಡೆಯ ವಾದ. ನಡುದಾರಿಯಾಗಿ ಗ್ರಂಥವನ್ನು ಆಗಾಗ ಉತ್ತರಕ್ಕೆ ಎರವಲು ಕಳುಹಿಸುತ್ತಾರೆ. 2013ರಲ್ಲಿ ಡರಮ್ ನಗರದಲ್ಲಿ, 2022ರಲ್ಲಿ ನ್ಯೂಕಾಸಲ್ ನಗರದಲ್ಲಿ ಪ್ರದರ್ಶನಗಳು ನಡೆದವು. ತಾನು ಹುಟ್ಟಿದ ಸೀಮೆಗೆ ಎರವಲಿನ ಮೇಲೆ ಬರುವ ಪುಸ್ತಕ!

ಒಡೆಯರ ಪಟ್ಟಿಯನ್ನು ಮತ್ತೊಮ್ಮೆ ನೋಡೋಣ. ಸಂತ, ಮಠ, ಅಧಿಕಾರಿ, ಶ್ರೀಮಂತ ಸಂಗ್ರಾಹಕ, ರಾಷ್ಟ್ರ. ಇವರೆಲ್ಲರೂ ಗ್ರಂಥವನ್ನು ಕಾಪಾಡಿದರು. ಅದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಬೆಂಕಿ ಬಿದ್ದ ರಾತ್ರಿ ಕಿಟಕಿಯಿಂದ ಪುಸ್ತಕ ಎಸೆದವರ ಹೆಸರು ಒಡೆಯರ ಪಟ್ಟಿಯಲ್ಲಿ ಇಲ್ಲ; ಅವರೂ ಸ್ಮರಣಾರ್ಹರೇ. ಆದರೆ ಗ್ರಂಥದ ಒಳಗೆ, ಅದರ ಕೊನೆಯ ಪುಟದಲ್ಲಿ ಆಲ್ಡ್ರೆಡ್ ಬರೆದಿಟ್ಟ ಪಟ್ಟಿ ಬೇರೆಯೇ ಆಗಿದೆ. ಅದರಲ್ಲಿ ಕೊಂಡವರಿಲ್ಲ, ಮಾರಿದವರಿಲ್ಲ. ಬರೆದವನು, ರಟ್ಟು ಕಟ್ಟಿದವನು, ಒಡವೆ ತೊಡಿಸಿದವನು, ಅರ್ಥ ಹೇಳಿದವನು: ಈ ನಾಲ್ವರು ಮಾತ್ರ ಇದ್ದಾರೆ. ಪುಸ್ತಕಕ್ಕಾಗಿ ಕೈಯಾರೆ ಏನನ್ನಾದರೂ ಮಾಡಿದವರದೇ ಪುಸ್ತಕವೆಂಬುದು ಆಲ್ಡ್ರೆಡನ ಉತ್ತರವೆಂದು ನಾನು ತಿಳಿದಿದ್ದೇನೆ. ಆ ಉತ್ತರ ನನಗೆ ಒಪ್ಪಿಗೆಯಾಗಿದೆ.

ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ನನ್ನ ಅವ್ವನಿಗೆ ಓದು ಬರಹ ಬಾರದು. ಆದರೆ ಪ್ರತಿ ವರ್ಷವೂ ನಾನು ತಂದ ಪುಸ್ತಕಗಳಿಗೆ ಹಳೆಯ ಕ್ಯಾಲೆಂಡರಿನ ಹಾಳೆಗಳಿಂದ ಹೊದಿಕೆ ಹಾಕುವವಳು ಅವಳೇ. ಮೂಲೆ ಮಡಚಿ, ಅಂಗೈಯಿಂದ ಒತ್ತಿ, ಗಂಜಿ ಹಚ್ಚಿ ಅಂಟಿಸುತ್ತಾಳೆ. ಪುಸ್ತಕವನ್ನು ತಲೆಕೆಳಗು ಮಾಡಿ ಹಾಕಿದ್ದೂ ಉಂಟು. ಆಗ ನಾನು ನಕ್ಕದ್ದೂ ಉಂಟು. ಎಥೆಲ್‌ವಾಲ್ಡನ ಹೆಸರನ್ನು ಓದಿದ ಮೇಲೆ ನಾನು ನಗುವುದನ್ನು ಬಿಟ್ಟಿದ್ದೇನೆ. ರಟ್ಟು ಕಟ್ಟಿದವರಿಗೂ ಪುಸ್ತಕದಲ್ಲಿ ಪಾಲುಂಟು.

ಈ ಮಾರ್ಚಿಗೆ ಕಾಲೇಜಿನೊಡನೆ ನನ್ನ ಋಣ ತೀರುತ್ತದೆ. ಯೂರೋಪಿನ ಇತಿಹಾಸದ ಆ ಪುಸ್ತಕವನ್ನು ಮರಳಿಸುವ ದಿನವೂ ಹತ್ತಿರವಾಯಿತು. ಮೊನ್ನೆ ಅದನ್ನು ಮತ್ತೆ ತೆರೆದು ನೋಡಿದೆ. ಸೀಸದಕಡ್ಡಿಯ ಅಕ್ಷರಗಳು ಕೆಲವು ಕಡೆ ಮಾಸಿ, ಓದಲು ಬಾರದಂತಾಗಿದ್ದವು. ಪುಸ್ತಕ ಭಂಡಾರದ ಅಧಿಕಾರಿಗಳು ದಯವಿಟ್ಟು ಕ್ಷಮಿಸಬೇಕು: ಮಾಸಿದ ಅರ್ಥಗಳನ್ನು ನಾನು ಪುಟದ ಮೇಲೆ ತಿದ್ದಲಿಲ್ಲ, ಬೇರೆ ಕಾಗದಗಳಲ್ಲಿ ಕ್ರಮವಾಗಿ ಬರೆದು ಪುಸ್ತಕದ ಕೊನೆಯಲ್ಲಿ ಇಟ್ಟಿದ್ದೇನೆ. ಆ ಅರ್ಥಗಳನ್ನು ಮೊದಲು ಬರೆದವರು ಬೇರೆ, ನಾನು ನಕಲು ಮಾಡಿದವನು ಮಾತ್ರ ಎಂದು ಕೊನೆಯಲ್ಲಿ ಸೂಚಿಸಿದ್ದೇನೆ. ಮುಂದಿನ ವರ್ಷ ಯಾವುದೋ ಹಳ್ಳಿಯಿಂದ ಬಂದು ಆ ಪುಸ್ತಕವನ್ನು ತೆರೆಯುವ ಗೆಳೆಯರಿಗೋ ಗೆಳತಿಯರಿಗೋ ಅದು ಉಪಯೋಗಕ್ಕೆ ಬಂದೀತು. ಅವರು ಓದಿ ಮುಗಿಸುವವರೆಗೆ ಆ ಪುಸ್ತಕ ಅವರದು.